ನಾಲ್ಕು ಪ್ಲಗ್ಗಿನ ಪಂಚಾಯಿತಿ

ಹಲ್ಲಿನ ಡಾಕ್ಟರ ಕೆಂಪು ಸ್ಪೋರ್ಟ್ಸ್ ಕಾರು ಕೆಟ್ಟು ನಿಲ್ಲುವುದು ಬೀದಿಗೇನೂ ಹೊಸ ಸುದ್ದಿಯಲ್ಲ. ಆದರೆ ಆ ಭಾನುವಾರ ಬೆಳಿಗ್ಗೆ ಅದು ನಿಂತ ಜಾಗ ಸರಿಯಿರಲಿಲ್ಲ. ಎರಡು ಸಲ ಕೆಮ್ಮಿ, ಒಂದು ಸಲ ಸೀನಿ, ಮನೆಯ ಗೇಟಿಗೆ ಅಡ್ಡಡ್ಡಲಾಗಿ ಪ್ರಾಣ ಬಿಟ್ಟಿತು. ಗೇಟಿನ ಒಳಗೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಡಾಕ್ಟರ ಹೆಂಡತಿ ಕೂತಿದ್ದರು. ಊರಿಗೆಲ್ಲ ಡ್ರೈವಿಂಗ್ ಕಲಿಸುವ ಆಕೆಗೆ ಪಾಠದ ಹೊತ್ತಾಗಿತ್ತು. ಹಾರ್ನ್ ಹೊಡೆದರು, ಮತ್ತೆ ಹೊಡೆದರು, ಆಮೇಲೆ ಕೈ ತೆಗೆಯದೆ ಹೊಡೆದರು. ಬೀದಿಯೇ ಹೊರಗೆ ಬಂತು.

ನಾಲ್ಕು ಜನ ಸೇರಿ ಕಾರನ್ನು ಶೆಡ್ಡಿಗೆ ತಳ್ಳಿದ ಮೇಲೆ ಆಕೆ ಗಾಜು ಇಳಿಸಿ ಹೇಳಿದರು: “ರೀ, ಈ ಸವತಿ ಜೊತೆ ಏಗಿ ಏಗಿ ನನಗೆ ಸಾಕಾಯ್ತು. ನನ್ನ ತಮ್ಮ ಹೇಳ್ತಿದ್ನಲ್ಲ, ಆ ಹಳೇ ಕಾರಿನ ವ್ಯಾಪಾರಿ, ಅವನಿಗೆ ಸಾಯಂಕಾಲ ಬರೋಕೆ ಹೇಳಿದ್ದೀನಿ. ಅಷ್ಟರಲ್ಲಿ ಇದು ತಾನಾಗೇ ಶೆಡ್ಡಿಂದ ಈಚೆ ಬಂದ್ರೆ, ಇನ್ಮೇಲೆ ಮಾರೋ ಮಾತೇ ಎತ್ತಲ್ಲ. ಬರ್ಲಿಲ್ವೋ, ಅವನ ಲಾರಿ ಹತ್ತಿಸಿ ಕಳಿಸ್ತೀನಿ.”

“ನನ್ನ ಹೆಣ ಬಿದ್ರೂ ಇದನ್ನ ಮಾರಲ್ಲ!”

“ಹೆಣ ಯಾಕ್ರೀ ಬೀಳ್ಬೇಕು? ಕಾರು ಎದ್ರೆ ಸಾಕು,” ಎಂದು ಆಕೆ ಹೊರಟೇಬಿಟ್ಟರು.

ವಾರವೆಲ್ಲ ಕಂಡವರ ಬಾಯಿ ನೋಡುವ ಮನುಷ್ಯನಿಗೆ ಜೀವಮಾನದಲ್ಲಿ ಇದ್ದ ಆಸೆ ಇದೊಂದೇ. ಅದನ್ನೂ ಬಿಟ್ಟುಕೊಡುವುದೆಂದರೇನು? ಡಾಕ್ಟರು ಅಂಗಿಯ ತೋಳು ಮಡಚಿ ಬಾನೆಟ್ ಎತ್ತಿ, ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಹಲ್ಲು ಕೀಳುವ ನಾಜೂಕಿನಲ್ಲೇ ಕಿತ್ತರು. ನಾಲ್ಕರ ತುದಿಯೂ ಮಸಿ ಹಿಡಿದು ಕಪ್ಪಾಗಿತ್ತು.

“ಹೊಸ ಪ್ಲಗ್ಗು ಹಾಕ್ಬೇಕು,” ಎಂದು ತಮಗೆ ತಾವೇ ಹೇಳಿಕೊಂಡರು. ಹೇಳಿಕೊಂಡಿದ್ದೇ ತಪ್ಪಾಯಿತು. ತಳ್ಳಲು ಬಂದವರು ಇನ್ನೂ ಅಲ್ಲೇ ಇದ್ದರು.

“ಭಾವ, ಇರಿಡಿಯಂ ಪ್ಲಗ್ ಹಾಕಿ,” ಎಂದ ಭಾಮೈದ. ಅವನು ಫೋನಿನಲ್ಲಿ ನೋಡದ ವಿಡಿಯೋ ಇಲ್ಲ, ಕೈಯಿಂದ ಬಿಚ್ಚಿದ ಒಂದು ಬೋಲ್ಟೂ ಇಲ್ಲ. “ರೇಸ್ ಕಾರಿಗೆಲ್ಲ ಅದೇ.”

“ನಂದು ರೇಸಿಗೆ ಹೋಗಲ್ಲಪ್ಪ, ಗೇಟು ದಾಟಿದ್ರೆ ಸಾಕು.”

ಎದುರುಮನೆಯ ನಿವೃತ್ತ ಬಸ್ ಡ್ರೈವರು ಗಂಟಲು ಸರಿಮಾಡಿಕೊಂಡರು. ಬೀದಿಯಲ್ಲಿ ಅವರಿಗೆ ಗೇರಣ್ಣ ಎಂದೇ ಹೆಸರು. “ಡಾಕ್ಟ್ರೇ, ಮೂವತ್ತು ವರ್ಷ ಬಸ್ ಓಡ್ಸಿದ್ದೀನಿ. ಒಂದ್ ದಿನ ಪ್ಲಗ್ಗಿಂದ ತೊಂದ್ರೆ ಆಗಿಲ್ಲ.”

“ಗೇರಣ್ಣ, ಡೀಸೆಲ್ ಬಸ್ಸಿಗೆ ಸ್ಪಾರ್ಕ್ ಪ್ಲಗ್ಗೇ ಇರಲ್ಲ!”

“ಮತ್ತೆ? ಅದಕ್ಕೇ ತೊಂದ್ರೆ ಆಗಿಲ್ಲ,” ಎಂದ ಗೇರಣ್ಣ ತಮ್ಮ ಜನರೇಟರಿನ ಪ್ಲಗ್ಗು ತರಲು ಹೊರಟರು.

ಬಟ್ಟೆ ಒಣಗಹಾಕುತ್ತಿದ್ದ ಅತ್ತೆಯೂ ಸುಮ್ಮನಿರಲಿಲ್ಲ. “ಅಳಿಯಂದ್ರೇ, ಹೊಸದ್ಯಾಕೆ? ಸೋಪು ಹಾಕಿ ತಿಕ್ಕಿದ್ರೆ ಹೋಗದಿರೋ ಕೊಳೆ ಇದ್ಯಾ?” ಎನ್ನುತ್ತಾ ಒಂದು ಪ್ಲಗ್ಗನ್ನು ಬಕೆಟ್ಟಿಗೆ ಹಾಕಿಯೇಬಿಟ್ಟರು.

ಡಾಕ್ಟರು ಯಾರ ಮಾತಿಗೂ ಬಗ್ಗಲಿಲ್ಲ. ಕಾರಿನ ಜೊತೆ ಬಂದಿದ್ದ ಹಳೆಯ ಪುಸ್ತಕ ತೆಗೆದು ನೋಡಿದರು. ಅದರಲ್ಲಿ ಇದ್ದದ್ದು ಸೀದಾ ಸಾದಾ ಪ್ಲಗ್ಗು. ಬಿಡಿಭಾಗದ ಅಂಗಡಿಯವನು “ಇದನ್ನ ಈಗ ಯಾರು ಕೇಳ್ತಾರೆ ಸಾರ್?” ಎಂದು ಮೂಗು ಮುರಿದರೂ ನಾಲ್ಕನ್ನು ಹುಡುಕಿಸಿ, ಧೂಳು ಒರೆಸಿ, ತಂದರು.

ಬಂದು ನೋಡಿದರೆ ಮೂವರೂ ಶೆಡ್ಡಿನ ಬಾಗಿಲಲ್ಲಿ ಒಂದೊಂದು ಪ್ಲಗ್ಗು ಹಿಡಿದು ನಿಂತಿದ್ದಾರೆ.

“ನನ್ನ ಬೈಕಿಂದು ಬಿಚ್ಚಿಸ್ಕೊಂಡ್ ಬಂದೆ, ಭಾವ. ಬೇಡ ಅಂದ್ರೆ ನನಗೆ ಮರ್ಯಾದೆ ಇದ್ಯಾ?”

“ನಾನೂ ಬಿಸಿಲಲ್ಲಿ ಒಣಗಿಸಿ ತಂದಿದ್ದೀನಿ,” ಎಂದರು ಅತ್ತೆ. ಗೇರಣ್ಣ ಜನರೇಟರಿನ ಪ್ಲಗ್ಗನ್ನು ಮುಂದೆ ಚಾಚಿ ಮುಖ ಊದಿಸಿಕೊಂಡಿದ್ದರು.

ಡಾಕ್ಟರ ಮನಸ್ಸು ಕರಗಿತು. ಅದಕ್ಕೆ ತಕ್ಕ ವೈದ್ಯಶಾಸ್ತ್ರವೂ ಆ ಗಳಿಗೆಯಲ್ಲೇ ಹೊಳೆಯಿತು. ಒಂದೇ ಬಾಯಲ್ಲಿ ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು ಸೇರಿ ಅಗಿಯುವುದಿಲ್ಲವೇ? ಒಂದು ಇಂಜಿನ್ನಿನಲ್ಲಿ ನಾಲ್ಕು ಜಾತಿಯ ಪ್ಲಗ್ಗು ಬಾಳುವೆ ಮಾಡಲಾರವೇ? ಭಾಮೈದನದು ಒಂದು, ಗೇರಣ್ಣನದು ಒಂದು, ಅತ್ತೆಯದು ಒಂದು, ತಮ್ಮದು ಒಂದು. ಎಲ್ಲರ ಮಾತೂ ಉಳಿಯಿತು. ಕೀಲಿ ತಿರುಗಿಸಿದರು.

ಢಮಾರ್!

ಕಾರು ಹಿಂದಿನಿಂದ ಕಕ್ಕಿದ ಹೊಗೆ ನೆಟ್ಟಗೆ ಹೋಗಿ ಅತ್ತೆ ಒಗೆದಿದ್ದ ಬಿಳಿ ಬಟ್ಟೆಗಳ ಮೇಲೆ ಕೂತಿತು. ಗೇರಣ್ಣ ಇದ್ದಲ್ಲೇ ಕುಕ್ಕರಿಸಿದರು.

“ನಾಲ್ಕೂ ಇರಿಡಿಯಂ ಹಾಕಿದ್ರೆ ಹಿಂಗಾಗ್ತಿರ್ಲಿಲ್ಲ,” ಎಂದ ಭಾಮೈದ.

“ನಂದು ಎಂಥಾ ಪ್ಲಗ್ಗು! ಆ ತೊಳೆದ ಪ್ಲಗ್ಗೇ ಕೈ ಕೊಟ್ಟಿದ್ದು!” ಎಂದರು ಗೇರಣ್ಣ.

“ಏನಂದ್ರಿ? ನನ್ನ ತೊಳೆಯೋದನ್ನ ಆಡ್ಕೋತೀರಾ?”

“ಬಾಯಿ ಮುಚ್ಚಿ!” ಎಂದು ಡಾಕ್ಟರು ಗುಡುಗಿದರು.

ಎಲ್ಲರೂ ಬೆಚ್ಚಿಬಿದ್ದರು. ಇಷ್ಟು ವರ್ಷ ‘ಬಾಯಿ ತೆಗೀರಿ’ ಎಂದಷ್ಟೇ ಹೇಳಿಕೊಂಡು ಬಂದ ಮನುಷ್ಯ ಇವರು. “ಕಾರು ನಂದು, ಪ್ಲಗ್ಗು ನಂದು, ಹಾಳಾದ್ರೆ ನಾನೇ ಹಾಳಾಗ್ತೀನಿ! ನಡೀರಿ ಎಲ್ರೂ ಆಚೆ!” ಎಂದು ಮೂವರನ್ನೂ ಹೊರಗಟ್ಟಿ ಒಳಗಿನಿಂದ ಚಿಲಕ ಹಾಕಿಕೊಂಡರು. ಮನಸ್ಸಿಗೆ ಏನೋ ಹಾಯೆನಿಸಿತು.

ಸಾದಾ ಪ್ಲಗ್ಗುಗಳನ್ನು ಒಂದೊಂದಾಗಿ ಹಿಡಿದು, ತುದಿಯ ಸಂದನ್ನು ಪುಸ್ತಕದಲ್ಲಿದ್ದಂತೆ ಅಳೆದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕೂರಿಸಿದರು. ಕೊನೆಯದನ್ನು ಬಿಗಿಯುವಾಗಲೇ ಹೊರಗೆ ಲಾರಿ ಬಂದು ನಿಂತಿತು. ಹಿಂದೆಯೇ ಹೆಂಡತಿಯ ದನಿ: “ರೀ, ಬಾಗಿಲು ತೆಗೀರಿ. ವ್ಯಾಪಾರಿ ಬಂದಿದ್ದಾನೆ.”

“ಮಾರಲ್ಲ!” ಎಂದು ಕೂಗಿ ಡಾಕ್ಟರು ಬಾಗಿಲು ತೆರೆದು, ಕಾರಿಗೆ ಹಾರಿ, ಕೀಲಿ ತಿರುಗಿಸಿದರು.

ಕೆಮ್ಮಿಲ್ಲ, ಸೀನಿಲ್ಲ. ಕಾರು ಒಮ್ಮೆ ಗುರ್ರೆಂದು, ಆಮೇಲೆ ಒಂದೇ ಸಮನೆ ಉಸಿರಾಡತೊಡಗಿತು. ಮೆಲ್ಲಗೆ, ಗತ್ತಿನಿಂದ, ತಾನಾಗೇ ಶೆಡ್ಡಿನಿಂದ ಹೊರಗೆ ಬಂತು. ಹೊರಗೆ ಕೂತಿದ್ದ ಗೇರಣ್ಣ ಎದ್ದು ನಿಂತರು. ವ್ಯಾಪಾರಿಯ ಕಣ್ಣು ಅರಳಿತು. “ಅಮ್ಮಾ, ಕೇಳಿದಷ್ಟು ಕೊಡ್ತೀನಿ. ಬಾಯ್ಬಿಟ್ಟು ಹೇಳಿ.”

ಹೆಂಡತಿ ಬಾನೆಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಆಲಿಸಿದರು. ಆಕೆಯ ಮುಖದಲ್ಲಿ ಎಂದೂ ಕಾಣದ ಕಳೆಯೊಂದು ಮೂಡಿತು.

“ಮಾರಲ್ಲ,” ಎಂದರು.

ಡಾಕ್ಟರ ಕಣ್ಣಲ್ಲಿ ನೀರು ಬಂತು. ಗೆದ್ದೆ ಎಂದುಕೊಂಡರು.

“ಇಳೀರಿ,” ಎಂದರು ಹೆಂಡತಿ. “ಬ್ರೇಕು ನೋಡ್ಬೇಕು. ನಿಮ್ಮ ಕಾಲನ್ನ ನಂಬೋಕಾಗಲ್ಲ.”

ಕಲಿಯುವವರ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ಆಮೆಯಂತೆ ತೆವಳಿದ್ದ ಆಕೆ ಸ್ಟಿಯರಿಂಗ್ ಹಿಡಿದು ಗೇರು ಬದಲಿಸಿದರು. ಗೇಟಿನ ತನಕ ಹೋಗಿ, ತಿರುಗಿಸಿ, ಬಂದು ನಿಲ್ಲಿಸಿದಾಗ ಕೆನ್ನೆ ಕೆಂಪಾಗಿತ್ತು. “ಅಮ್ಮಾ, ಬಾ, ಹತ್ತು!” ಡಾಕ್ಟರು ಆ ಕಡೆಯ ಬಾಗಿಲಿಗೆ ಓಡುವಷ್ಟರಲ್ಲಿ ಅತ್ತೆ ಕೂತು ಆಗಿತ್ತು. ಇದ್ದದ್ದೇ ಎರಡು ಸೀಟು.

“ಮತ್ತೆ ನಾನು?”

“ನಾಳೆಯಿಂದ ನಾನು ಪಾಠಕ್ಕೆ ಇದ್ರಲ್ಲೇ ಹೋಗೋದು. ನೀವು ನಡ್ಕೊಂಡು ಹೋಗಿ, ಹೊಟ್ಟೆಗೂ ಒಳ್ಳೇದು. ಪ್ಲಗ್ಗು ಮಾತ್ರ ನೀವೇ ನೋಡ್ಕೋಬೇಕು ರೀ. ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬರಲ್ಲ!” ಕಾರು ಬೀದಿಯ ತಿರುವಿನಲ್ಲಿ ಮಾಯವಾಯಿತು.

ಡಾಕ್ಟರು ಪಂಚೇಂದ್ರಿಯಗಳೂ ಒಟ್ಟಿಗೆ ಎಚ್ಚರಾದವರಂತೆ ಹೊರಡುತ್ತಿದ್ದ ಲಾರಿಯ ಹಿಂದೆ ಓಡಿದರು.

“ನಿಲ್ಸ್ರೀ! ಮಾರ್ತೀನಿ! ಎಷ್ಟಾದ್ರೂ ಕೊಡಿ, ತಗೊಂಡ್ ಹೋಗಿ!”

ವ್ಯಾಪಾರಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮರುಕದಿಂದ ಹೇಳಿದ:

“ನಿಮ್ಮ ಮಾತು ಕಟ್ಕೊಂಡು ನಾನೇನ್ ಮಾಡ್ಲಿ ಸಾರ್? ಓನರಮ್ಮನ್ನ ಕೇಳ್ಕೊಂಡ್ ಬನ್ನಿ.”