ನನ್ನ ಸೊಂಟ, ಗುಡಿಸುವ ಹಲಗೆ ಮತ್ತು ಗೆರ್ಲಿಂಡೆ ಹೈನ್ಲೆ

ನನ್ನ ಸೊಂಟ ಹಿಡಿದದ್ದಕ್ಕೆ ಯೋಗವನ್ನು ದೂರುವುದು ತಪ್ಪು. ಯೋಗಕ್ಕೆ ನನ್ನ ಮೇಲೆ ಯಾವ ದ್ವೇಷವೂ ಇರಲಿಲ್ಲ. ದೂರಬೇಕಾದದ್ದು ಎರಡನೇ ಮಹಡಿಯ ಗೆರ್ಲಿಂಡೆ ಹೈನ್ಲೆಯನ್ನು. ಆಕೆ ತನ್ನ ಎಪ್ಪತ್ತಮೂರನೇ ವಯಸ್ಸಿನಲ್ಲಿ, ಹನ್ನೊಂದು ಜನ ಹೆಂಗಸರ ಎದುರಿಗೆ, ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಿದಳು. ಮುಟ್ಟಿ ಸುಮ್ಮನಾಗಲಿಲ್ಲ, ಬಗ್ಗಿದಲ್ಲೇ ಕತ್ತು ತಿರುಗಿಸಿ ನನ್ನ ಕಡೆ ನೋಡಿದಳು. ಆ ನೋಟ ಇಲ್ಲದಿದ್ದರೆ ನಾನು ಈಗ ನೆಟ್ಟಗೆ ಕೂತು ಬರೆಯುತ್ತಿದ್ದೆ. (ಈಗ ಬಲಕ್ಕೆ ವಾಲಿಕೊಂಡು ಬರೆಯುತ್ತಿದ್ದೇನೆ. ಅಕ್ಷರಗಳೂ ವಾಲಿದ್ದರೆ ಅವುಗಳ ತಪ್ಪಲ್ಲ.)

ಎಸ್ಲಿಂಗೆನ್ ಎಂಬ ಊರಿನಲ್ಲಿ ನಮ್ಮದು ನಾಲ್ಕು ಮನೆಗಳ ಕಟ್ಟಡ. ಮೂರನೇ ಮಹಡಿಯಲ್ಲಿ ನಾನು, ಓಟಿಲಿಯೆ ಬಾಯರ್ಲೆ. ನನ್ನ ಕೆಳಗೆ ಗೆರ್ಲಿಂಡೆ. ಅದರ ಕೆಳಗೆ ನಿವೃತ್ತ ಮೇಷ್ಟ್ರು ಕ್ನೌಸ್. ನೆಲಮಹಡಿಯಲ್ಲಿ ಕೈಗೂಸಿನ ಜೊತೆ ಯಿಲ್ಮಾಜ್ ದಂಪತಿ. ನಾಲ್ಕು ಮನೆಗೂ ಸೇರಿ ಒಂದು ಮರದ ಹಲಗೆಯಿದೆ, ಅದರ ಮೇಲೆ ‘ಗುಡಿಸುವ ವಾರ’ ಎಂದು ಬರೆದಿದೆ. ಅದು ಯಾರ ಬಾಗಿಲ ಹಿಡಿಗೆ ತೂಗುತ್ತಿದೆಯೋ ಆ ವಾರ ಮೆಟ್ಟಿಲು, ನೆಲಮಾಳಿಗೆ, ಮುಂದಿನ ಕಾಲುದಾರಿ ಎಲ್ಲವನ್ನೂ ಅವರೇ ಗುಡಿಸಿ ಒರೆಸಬೇಕು. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಮುಗಿಸಿ, ಹಲಗೆಯನ್ನು ಕೆಳಗಿನ ಮನೆಗೆ, ನೆಲಮಹಡಿಯವರಾದರೆ ಮತ್ತೆ ಮೂರನೇ ಮಹಡಿಗೆ, ದಾಟಿಸಬೇಕು. ಇದಕ್ಕೆ ಪೊಲೀಸರಿಲ್ಲ, ದಂಡವಿಲ್ಲ. ಅಕ್ಕಪಕ್ಕದವರ ಕಣ್ಣಿದೆ, ಅಷ್ಟು ಸಾಕು.

ನಲವತ್ತೊಂದು ವರ್ಷದಲ್ಲಿ ನಾನು ಒಂದು ವಾರವನ್ನೂ ತಪ್ಪಿಸಿದವಳಲ್ಲ. ನನ್ನ ಗಂಡ ಓಯ್ಗೆನ್ ತೀರಿಕೊಂಡದ್ದು ಗುರುವಾರ, ಮಣ್ಣಾದದ್ದು ಸೋಮವಾರ. ನಡುವಿನ ಶನಿವಾರ ಹಲಗೆ ನಮ್ಮ ಬಾಗಿಲಲ್ಲೇ ಇತ್ತು. ಕಪ್ಪು ಬಟ್ಟೆಯಲ್ಲೇ ಗುಡಿಸಿದೆ. ಅದನ್ನು ಯಾರೂ ವಿಚಿತ್ರವೆನ್ನಲಿಲ್ಲ. ಹಿಂದೆ ನೆಲಮಹಡಿಯಲ್ಲಿದ್ದ ಶ್ರೀಮತಿ ಡೂರ್ ಒಮ್ಮೆ, ಒಂದೇ ಒಂದು ಸಲ, ಹಲ್ಲುನೋವೆಂದು ತಪ್ಪಿಸಿದ್ದಳು. ಆಕೆ ಊರು ಬಿಡುವ ತನಕ, ಹದಿನೆಂಟು ವರ್ಷ, ಅದನ್ನೇ ಆಡಿಕೊಂಡರು. ಆಡಿಕೊಂಡವರಲ್ಲಿ ನಾನೇ ಮೊದಲಿಗಳು. ಆದ್ದರಿಂದ ಆ ಜಾಗಕ್ಕೆ ನಾನು ಹೋಗಿ ನಿಲ್ಲುವುದು ಸಾಧ್ಯವೇ ಇರಲಿಲ್ಲ.

ಈಗ ಯೋಗದ ಮಂಗಳವಾರಕ್ಕೆ ಬರುತ್ತೇನೆ. ಚರ್ಚಿನ ಸಭಾಂಗಣದಲ್ಲಿ ವರ್ಗ. ಕಲಿಸುವವಳು ಮಾರೈಕೆ ಎಂಬ, ನಮ್ಮ ದೇಶದ ಉತ್ತರದ ಕಡೆಯ ಹುಡುಗಿ. ಆಕೆ ಮೊದಲ ದಿನವೇ ಹೇಳಿದ್ದಳು, “ಎಷ್ಟಾಗತ್ತೋ ಅಷ್ಟು ಮಾಡಿ, ಆಮೇಲೆ ಬಿಟ್ಬಿಡಿ.” ಉತ್ತರದವರಿಗೆ ಅದು ಬರಬಹುದು. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಏಳುವುದು ನಮ್ಮೂರಿನ ಹೆಂಗಸರಿಗೆ ಬಾರದ ವಿದ್ಯೆ. ಅಂದು, ಗೆರ್ಲಿಂಡೆ ಬಗ್ಗಿ ನನ್ನ ಕಡೆ ನೋಡಿಯಾದ ಮೇಲೆ, ಮಾರೈಕೆ ಹೇಳಿಕೊಟ್ಟದ್ದು ಹಲಾಸನ. ಅಂಗಾತ ಮಲಗಿ, ಕಾಲೆರಡನ್ನೂ ಎತ್ತಿ, ತಲೆಯ ಹಿಂದಕ್ಕೆ ತಂದು ನೆಲ ಮುಟ್ಟಿಸುವುದು. ನೇಗಿಲಿನ ಭಂಗಿಯಂತೆ. ನಾನು ಹುಟ್ಟಿದ ಮನೆಯಲ್ಲಿ ನೇಗಿಲಿತ್ತು, ಅದನ್ನು ಎಳೆಯಲು ಕುದುರೆಯೂ ಇತ್ತು. ಹೆಂಗಸರೇ ನೇಗಿಲಾಗುವುದನ್ನು ಅಲ್ಲಿ ನೋಡಿರಲಿಲ್ಲ.

ಗೆರ್ಲಿಂಡೆಯ ಕಾಲು ನೆಲಕ್ಕೆ ಒಂದು ಗೇಣು ಉಳಿದಿತ್ತು. ನನ್ನದು ಎರಡು ಗೇಣು. ಆಕೆ ಇನ್ನಷ್ಟು ಒತ್ತಿದಳು, ನಾನೂ ಒತ್ತಿದೆ. ನನ್ನ ಹೆಬ್ಬೆರಳು ನೆಲ ಮುಟ್ಟಿತು. ಅದೇ ಗಳಿಗೆಯಲ್ಲಿ ಸೊಂಟದೊಳಗೆ, ಹಳೇ ಕಪಾಟಿನ ಬಾಗಿಲು ತೆಗೆದ ಹಾಗೆ, ಒಂದು ಸದ್ದಾಯಿತು.

“ಬಾಯರ್ಲೆಯವರೇ, ಸರಿಯಾಗಿದ್ದೀರಾ?” ಎಂದಳು ಮಾರೈಕೆ.

“ಏನೂ ಆಗಿಲ್ಲ,” ಎಂದೆ, ಮಂಡಿಗಳ ನಡುವಿನಿಂದ.

ಉಳಿದವರೆಲ್ಲ ಚಾಪೆ ಸುತ್ತಿಕೊಂಡು ಹೊರಟರೂ ನಾನು ವಿಶ್ರಾಂತಿಯ ಭಂಗಿ ಬಿಟ್ಟೇಳಲಿಲ್ಲ. ಗೆರ್ಲಿಂಡೆ ಹೊರಗೆ ಹೋದದ್ದನ್ನು ನಾನು ಖಾತ್ರಿ ಮಾಡಿಕೊಂಡ ಮೇಲೆ ಮಾರೈಕೆ ನನ್ನನ್ನು ಉರುಳಿಸಿ, ಕುರ್ಚಿ ಕೊಟ್ಟು, ಎಬ್ಬಿಸಿದಳು. ಮನೆಯ ಐವತ್ನಾಲ್ಕು ಮೆಟ್ಟಿಲು ಹತ್ತಲು ಮುಕ್ಕಾಲು ಗಂಟೆ ಹಿಡಿಯಿತು. ಎರಡನೇ ಮಹಡಿಯ ಬಾಗಿಲ ಮುಂದೆ ಮಾತ್ರ ಬೇಗ ಬೇಗ ಹೆಜ್ಜೆ ಹಾಕಿದೆ.

ಅದಾದ ನಾಲ್ಕನೇ ದಿನ, ಶನಿವಾರ, ಹಲಗೆ ನನ್ನ ಬಾಗಿಲಿಗೆ ಬಂತು.

ಸೋಮವಾರ ನಮ್ಮ ಡಾಕ್ಟರು ನೋಡಿ, ಸ್ನಾಯು ಎಳೆದಿದೆ, ಮೂಳೆಗೇನೂ ಆಗಿಲ್ಲ, ಸೂಜಿ ಚಿಕಿತ್ಸೆ ಮಾಡಿಸಿಕೊಳ್ಳಿ ಎಂದರು. ಅದಕ್ಕೆ ಊರಲ್ಲಿ ಇರುವವರು ಡಾಕ್ಟರ್ ಶ್ಪೇಟ್ ಒಬ್ಬರೇ. ತೆಳ್ಳಗಿನ, ಮೆಲುದನಿಯ ಹೆಂಗಸು. ಒಂದೇ ಕೋಣೆಯಲ್ಲಿ ಮೂರು ಹಾಸಿಗೆ, ನಡುವೆ ಪರದೆ. ರೋಗಿಯ ಗುಟ್ಟು ಕಾಯಬೇಕೆಂಬ ಕಾನೂನಿರುವುದರಿಂದ ಅಲ್ಲಿ ಯಾರ ಹೆಸರನ್ನೂ ಕೂಗುವುದಿಲ್ಲ. ನಾನು ‘ಕಿಟಕಿ ಪಕ್ಕದ ಹಾಸಿಗೆ’.

“ಸೂಜಿ ಒಳಗೆ ಹೋದಾಗ ಜುಮ್ ಅನ್ನತ್ತೆ. ಅಂದ ತಕ್ಷಣ ಹೇಳಿ, ಅಲ್ಲಿಗೆ ನಿಲ್ಲಿಸ್ತೀನಿ,” ಎಂದರು ಡಾಕ್ಟರ್ ಶ್ಪೇಟ್.

ಮೊದಲ ಸೂಜಿಗೇ ಜುಮ್ಮೆಂದಿತು. ಆದರೆ ಹೇಳುವುದು ಹೇಗೆ? ಮೂರು ಹೆತ್ತಿದ್ದೇನೆ, ಒಮ್ಮೆಯೂ ಬಾಯಿ ಬಿಟ್ಟವಳಲ್ಲ.

“ಈಗ?”

“ಇಲ್ಲ.”

“ಇನ್ನೂ ಇಲ್ವಾ? ಸ್ವಲ್ಪ ಒಳಗೆ ತಗೊಳ್ಳಣ. ಈಗ?”

“ಉಹೂಂ.”

“ನೀವು ತುಂಬಾ ಗಟ್ಟಿ,” ಎಂದು ಡಾಕ್ಟರು ಡಬ್ಬಿಯಿಂದ ಇನ್ನೂ ಎಂಟು ಸೂಜಿ ತೆಗೆದರು. ಉಳಿದವರಿಗೆಲ್ಲ ಒಂಬತ್ತು ಸೂಜಿಯಂತೆ. ನನಗೆ ಹದಿನೇಳು. ಗಟ್ಟಿ ಎಂದದ್ದು ಕೇಳಿ ಖುಷಿಯಾದ್ದರಿಂದ ಸುಮ್ಮನಿದ್ದೆ.

ಬುಧವಾರ ಮಾರೈಕೆಯ ಇನ್ನೊಂದು ವರ್ಗಕ್ಕೆ ಹೋದೆ. ಅದು ಕುರ್ಚಿಯ ಮೇಲೆ ಕೂತು ಮಾಡುವ ಮೆತ್ತನೆಯ ಯೋಗ. ಅಲ್ಲಿ ಕೈ ಎತ್ತುವುದು, ಇಳಿಸುವುದು, ಪಾದ ತಿರುಗಿಸುವುದು, ಉಸಿರು ಬಿಡುವುದು. ಉಸಿರು ಬಿಡುವುದಕ್ಕೆ ಕಾಲು ಗಂಟೆ.

“ನೋವು ಬರೋ ಮೊದಲೇ ನಿಲ್ಲಿಸ್ಬೇಕು, ಬಾಯರ್ಲೆಯವರೇ.”

“ಎಷ್ಟು ಮೊದಲು?”

“ಹಾಯಾಗಿರೋವಾಗ್ಲೇ.”

“ಹಾಯಾಗಿರೋವಾಗ ನಿಲ್ಸೋದಾದ್ರೆ ಶುರು ಯಾಕಮ್ಮ ಮಾಡ್ಬೇಕು?”

ಮಾರೈಕೆ ಮತ್ತೆ ಪಾದ ತಿರುಗಿಸಲು ಹೇಳಿದಳು. ಅಷ್ಟರಲ್ಲಿ ನನಗೊಂದು ಉಪಾಯ ಹೊಳೆಯಿತು. ನಿಂತು ಬಗ್ಗಲು ಆಗದು. ಕೂತು, ಬೆನ್ನು ನೆಟ್ಟಗಿಟ್ಟು, ಕೈ ಮಾತ್ರ ಆಡಿಸಲು ಆಗುತ್ತದೆ. ಮೆಟ್ಟಿಲೆಂದರೆ ಮತ್ತೇನು, ಸಾಲಾಗಿ ಜೋಡಿಸಿಟ್ಟ ಐವತ್ನಾಲ್ಕು ಕುರ್ಚಿಗಳು.

ಶನಿವಾರ ಬೆಳಿಗ್ಗೆ ಎಂಟಕ್ಕೆ ನನ್ನ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತೆ. ಪಕ್ಕದಲ್ಲಿ ಕೈಪೊರಕೆ, ಮೊರ, ಒದ್ದೆ ಬಟ್ಟೆ. ಉಸಿರು ಎಳೆದುಕೊಂಡು ಗುಡಿಸಿದೆ, ಉಸಿರು ಬಿಟ್ಟು ಒರೆಸಿದೆ, ಒಂದು ಮೆಟ್ಟಿಲು ಕೆಳಕ್ಕೆ ಸರಿದೆ. ಹೀಗೆ ಯೋಗಶಾಸ್ತ್ರಕ್ಕೆ ಅನುಗುಣವಾಗಿ, ಕುಂಡಿಯ ಮೇಲೆ, ಮಹಾರಾಣಿ ಸಿಂಹಾಸನ ಬದಲಾಯಿಸಿದಂತೆ ಇಳಿಯುತ್ತಿದ್ದೆ. ಇಪ್ಪತ್ತನೇ ಮೆಟ್ಟಿಲಿನಲ್ಲಿ ಗೆರ್ಲಿಂಡೆಯ ಬಾಗಿಲು ತೆರೆಯಿತು. ಆಕೆ ಚೌಕಟ್ಟಿಗೆ ಒರಗಿ ನಿಂತಳು. ಒರಗಿದ್ದನ್ನು ನಾನು ಸೊಕ್ಕು ಎಂದುಕೊಂಡೆ.

“ಏನ್ರೀ ಬಾಯರ್ಲೆಯವರೇ, ಕೂತ್ಕೊಂಡಿದ್ದೀರಾ?” (ಇಪ್ಪತ್ತೆರಡು ವರ್ಷ ಒಂದೇ ಮೆಟ್ಟಿಲು ಹತ್ತಿಳಿದರೂ ನಾವು ‘ನೀವು’ ಬಿಟ್ಟು ‘ನೀನು’ ಎನ್ನುವಷ್ಟು ಹದಗೆಟ್ಟಿಲ್ಲ.)

“ಹೂಂ. ಕೂತ್ರೇನೇ ಮೂಲೆ ಕಾಣೋದು, ಹೈನ್ಲೆಯವರೇ.”

“ನಿಂತ್ರೆ ಕಾಣಲ್ವಾ?”

“ನಿಂತ್ಕೊಂಡು ಗುಡಿಸೋರಿಗೆ ಮೂಲೆ ಇದೆ ಅನ್ನೋದೇ ಗೊತ್ತಿರಲ್ಲ. ನಮ್ಮಮ್ಮ ಹೀಗೇ ಮಾಡ್ತಿದ್ರು. ಈಗಿನೋರಿಗೆ ಸೊಂಟ ಬಗ್ಗಲ್ಲ ನೋಡಿ, ಅದಕ್ಕೆ ಉದ್ದ ಕೋಲು ಬೇಕು.”

“ನಿಮಗೆ ಬಗ್ಗತ್ತಾ?”

“ನೇಗಿಲಾಗಿ ನೆಲ ಮುಟ್ಟಿದ್ದು ಯಾರು, ನೀವೇ ನೋಡಿದ್ರಲ್ಲ.”

ಆಕೆ ಬಾಗಿಲು ಹಾಕಿಕೊಂಡಳು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಹಲಗೆಯನ್ನು ಅದೇ ಬಾಗಿಲಿಗೆ ನೇತುಹಾಕಿ ಮೇಲೆ ಹೋಗಿ ಮಲಗಿದೆ. ಭಾನುವಾರ ಸಂಜೆಯವರೆಗೆ ಏಳಲಿಲ್ಲ. ಮಾನ ಉಳಿದಿತ್ತು, ಸೊಂಟದ ಬಗ್ಗೆ ಹಾಗೆ ಹೇಳುವಂತಿರಲಿಲ್ಲ.

ಮಂಗಳವಾರ ಮತ್ತೆ ಸೂಜಿ. ಕಿಟಕಿ ಪಕ್ಕದಲ್ಲಿ ಬೋರಲಾಗಿ ಮಲಗಿ, ಹದಿನೇಳು ಸೂಜಿ ಹೊತ್ತು, ಮುಳ್ಳುಹಂದಿಯಂತೆ ಬಿದ್ದಿದ್ದೆ. ಪರದೆಯ ಆಚೆಯ ಹಾಸಿಗೆಗೆ ಯಾರೋ ಬಂದರು. “ಅಮ್ಮಾ, ಅಯ್ಯೋ, ನಿಲ್ಸಿ ನಿಲ್ಸಿ, ಜುಮ್ಮಂತು,” ಎಂದು ಮೊದಲ ಸೂಜಿಗೇ ಕೂಗಿದರು. ಆ ಕಂಠ ನನಗೆ ಗೊತ್ತಿತ್ತು. ಡಾಕ್ಟರು ದೀಪ ಸಣ್ಣದು ಮಾಡಿ ಹೊರಗೆ ಹೋದರು.

ಅವರು ಹೋದ ಮೇಲೆ ಪರದೆ ಮಾತಾಡಿತು. “ನಿಮಗೂ ಬೆನ್ನೇನಾ?”

ನಾನು ಬಾಯಿ ತೆರೆಯದೆ, “ಹ್ಞೂಂ,” ಎಂದೆ.

“ನನಗೆ ಯೋಗದಿಂದ ಕಣ್ರೀ. ಹೇಳೋಕೆ ನಾಚಿಕೆ. ನಮ್ಮ ಮೇಲಿನ ಮನೇಲಿ ಒಬ್ರಿದ್ದಾರೆ, ಎಪ್ಪತ್ತಾರು ವರ್ಷ, ರಬ್ಬರು ಇದ್ದ ಹಾಗಿದ್ದಾರೆ. ಅವರು ಕಾಲು ನೆಲಕ್ಕೆ ಮುಟ್ಟಿಸಿದ್ರು ಅಂತ ನಾನೂ ಒತ್ತಿದೆ. ಎರಡು ವಾರ ಆಯ್ತು, ಕಾಲುಚೀಲ ಹಾಕ್ಕೊಳ್ಳೋಕೆ ಆಗ್ತಿಲ್ಲ.”

ನನ್ನ ಸಂತೋಷಕ್ಕೆ ಹದಿನೇಳು ಸೂಜಿಗಳೂ ಅಲುಗಾಡಿರಬೇಕು.

“ಈ ವಾರ ಗುಡಿಸುವ ಹಲಗೆ ನನ್ನ ಬಾಗಿಲಲ್ಲಿದೆ,” ಎಂದಿತು ಪರದೆ. “ಅವರೂ ಒಂದೇ ಒಂದು ಮಾತು, ನನಗೂ ಸ್ವಲ್ಪ ನೋವಿದೆ ಅಂತ ಹೇಳಿದ್ರೆ, ಹೋಗಿ ಹೇಳ್ಕೊಳ್ಳೋಕೆ ಧೈರ್ಯ ಬರ್ತಿತ್ತು. ಇಬ್ರೂ ಸೇರಿ ನಾಕು ವಾರ ರಜ ಕೇಳ್ಬಹುದಿತ್ತು. ಆದ್ರೆ ಆ ಹೆಂಗಸಿಗೆ ನೋವು ಅನ್ನೋದು ಇಲ್ಲವೇ ಇಲ್ಲ. ನೀವೇನಂತೀರಿ?”

ಇಲ್ಲಿ ನಾನು ಪರದೆ ಸರಿಸಬಹುದಿತ್ತು. ಕೈಗೆ ಸೂಜಿ ಚುಚ್ಚಿರಲಿಲ್ಲ. ಡಾಕ್ಟರೂ ಹೇಳಿದ್ದರು, ನೋವನ್ನು ಆಡಿ ತೋರಿಸಿದರೆ ಬೇಗ ಹೋಗುತ್ತದೆಂದು. ಆದರೆ ಇಪ್ಪತ್ತೆರಡು ವರ್ಷ ಕಾದು ಸಿಕ್ಕ ಗೆಲುವು. ಈ ಶನಿವಾರ ಗೆರ್ಲಿಂಡೆ ಹೈನ್ಲೆ ವಾರ ತಪ್ಪಿಸುತ್ತಾಳೆ, ನಾನು ತಪ್ಪಿಸಲಿಲ್ಲ. ಇದನ್ನು ಒಂದು ಗಳಿಗೆಯ ಕನಿಕರಕ್ಕೆ ಬಿಟ್ಟುಕೊಡುವುದು ಹೇಗೆ?

“ಹ್ಞೂಂ,” ಎಂದೆ.

ನನ್ನ ಸಮಯ ಮುಗಿದಾಗ ಡಾಕ್ಟರು ಬಂದು ಸೂಜಿ ತೆಗೆದರು. ಸ್ಕಾರ್ಫನ್ನು ಮೂಗಿನವರೆಗೆ ಸುತ್ತಿಕೊಂಡು ಹೊರಬಿದ್ದೆ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಯಾರೋ ನಮ್ಮ ಮನೆಯ ಗಂಟೆ ಬಾರಿಸಿದರು. ಬಾಗಿಲು ತೆರೆದರೆ ಇಡೀ ಕಟ್ಟಡವೇ ಹೊರಗಿತ್ತು. ಮುಂದೆ ಕ್ನೌಸ್ ಮೇಷ್ಟ್ರು, ಅವರ ತೋಳು ಹಿಡಿದು ಗೆರ್ಲಿಂಡೆ, ಹಿಂದೆ ಮಗುವನ್ನೆತ್ತಿಕೊಂಡ ಯಿಲ್ಮಾಜ್ ಹುಡುಗಿ, ಆಕೆಯ ಗಂಡನ ಕೈಯಲ್ಲಿ ಜಡೆಯಂತೆ ಹೆಣೆದ ಸಿಹಿ ಬ್ರೆಡ್ಡು.

“ಬಾಯರ್ಲೆಯವರೇ,” ಗೆರ್ಲಿಂಡೆ ಎಲ್ಲರ ಎದುರಿಗೇ ಹೇಳಿದಳು, “ನನ್ನ ಸೊಂಟ ಹೋಯ್ತು. ಯೋಗದಲ್ಲಿ. ನಿಮ್ಮ ಜೊತೆ ಪೈಪೋಟಿಗೆ ಬಿದ್ದು. ನನ್ನ ದಡ್ಡತನ.”

ಇಷ್ಟು ಸಲೀಸಾಗಿ ಹೇಳಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಯಾರೂ ನಗಲಿಲ್ಲ. ಯಿಲ್ಮಾಜ್ ಹುಡುಗಿ, “ಪಾಪ, ಮೊದಲೇ ಹೇಳ್ಬಾರದಿತ್ತಾ ಆಂಟಿ, ನಾನು ಬಿಸಿನೀರಿನ ಚೀಲ ಕೊಡ್ತಿದ್ದೆ,” ಎಂದಳು. ಆ ಬ್ರೆಡ್ಡು ಮಾಡಿದ್ದೂ ಗೆರ್ಲಿಂಡೆಗಾಗಿಯೇ. ನಾನು ಅದಕ್ಕೆ ತಟ್ಟೆಗಳನ್ನು ತಂದೆ. ಎಲ್ಲರೂ ಅಲ್ಲೇ ಮೆಟ್ಟಿಲ ಬಳಿ ನಿಂತು ತಿಂದರು.

“ನಾವು ಕೂತು ಮಾತಾಡಿದ್ವಿ,” ಎಂದರು ಮೇಷ್ಟ್ರು. “ಹೈನ್ಲೆಯವರಿಗೆ ವಾಸಿಯಾಗೋ ತನಕ ಅವರ ವಾರಾನ ಯಾರು ಮಾಡೋದು ಅಂತ. ನನಗೆ ಮಂಡಿ. ಇವರಿಗೆ ಎಳೇ ಮಗು. ಆಗ ಹೈನ್ಲೆಯವರೇ ನೆನಪು ಮಾಡಿದ್ರು, ನೀವು ಹೋದ ಶನಿವಾರ ಹೇಗೆ ಮಾಡಿದ್ರಿ ಅಂತ.”

“ನಾನು ಕಣ್ಣಾರೆ ಕಂಡೆ,” ಎಂದಳು ಗೆರ್ಲಿಂಡೆ. “ಒಂದೊಂದು ಮೆಟ್ಟಿಲಿಗೂ ಕೂತು, ಒಂದೊಂದು ಮೂಲೆ. ಈ ಕಟ್ಟಡದಲ್ಲಿ ಅಷ್ಟು ಸೊಂಟ ಇರೋದು ಇವರೊಬ್ಬರಿಗೇ.”

“ಏನಂತೀರಿ ಬಾಯರ್ಲೆಯವರೇ? ನಿಮಗೆ ತೊಂದರೆ ಇದ್ರೆ ಈಗ್ಲೇ ಹೇಳ್ಬಿಡಿ. ಏನಾದ್ರೂ ನೋವು ಗೀವು?”

ನಾಲ್ಕು ಜನ ನನ್ನ ಮುಖ ನೋಡಿದರು. ಮಗುವೂ ನೋಡಿತು. ಹೇಳಬೇಕೆಂದು ಬಾಯಿ ತೆರೆದೆ. ನಲವತ್ತೊಂದು ವರ್ಷಗಳು ಅಡ್ಡ ಬಂದವು.

“ನನಗೇನು ನೋವು?” ಎಂದೆ.

ಗೆರ್ಲಿಂಡೆ ಹಲಗೆಯನ್ನು ತನ್ನ ಕೈಯಾರೆ ನನ್ನ ಬಾಗಿಲ ಹಿಡಿಗೆ ತಗಲಿಸಿದಳು. ನಾಲ್ಕು ವಾರದಲ್ಲಿ ಎರಡು ವಾರ ಅದು ಇನ್ನು ಅಲ್ಲೇ. ಆಕೆಗೆ ವಾಸಿಯಾಗುವ ತನಕ. ಡಾಕ್ಟರ್ ಶ್ಪೇಟ್ ಆಕೆಗೆ ಮೂರು ತಿಂಗಳು ಹೇಳಿದ್ದಾರಂತೆ. (ನನಗೂ ಮೂರೇ. ಹಲಗೆಯಿಲ್ಲದೆ ಇದ್ದರೆ.)

ಎಲ್ಲರೂ ಇಳಿದರು. ಮೇಷ್ಟ್ರು ಆಕೆಯ ಮೊಣಕೈ ಹಿಡಿದಿದ್ದರು, ಯಿಲ್ಮಾಜ್ ಹುಡುಗ ಆಕೆಯ ಚೀಲ ಹೊತ್ತಿದ್ದ. ಆಕೆ ಪ್ರತಿ ಮೆಟ್ಟಿಲಿಗೂ ಧಾರಾಳವಾಗಿ “ಅಮ್ಮಾ” ಎನ್ನುತ್ತ, ಯಾರ ಹಂಗಿಲ್ಲದೆ ನರಳುತ್ತ ಇಳಿದಳು. ಕೇಳಲು ಹೊಟ್ಟೆ ಉರಿಯುವಂತಿತ್ತು. ಎರಡನೇ ಮಹಡಿ ಮುಟ್ಟಿದ ಮೇಲೆ ಆಕೆಯ ದನಿ ಮೇಲಕ್ಕೆ ಬಂತು.

“ಬಾಯರ್ಲೆಯವರೇ, ಮೇಷ್ಟ್ರ ತಟ್ಟೆಯಿಂದ ಮೆಟ್ಟಿಲ ಮೇಲೆಲ್ಲ ಬ್ರೆಡ್ಡಿನ ಪುಡಿ ಬಿದ್ದಿದೆ. ಹನ್ನೆರಡಕ್ಕೆ ಇನ್ನೂ ಟೈಮಿದೆ, ಅವಸರ ಮಾಡ್ಬೇಡಿ. ನೀವು ಕೂತ್ಕೊಂಡೇ ಮಾಡಿ, ನಾವೆಲ್ಲ ನೋಡಿ ಕಲೀತೀವಿ.”

ಕೆಳಗೆ ಮೂರು ಬಾಗಿಲುಗಳೂ ತೆರೆದೇ ಇದ್ದವು. ಕೈಪೊರಕೆ ತಂದು, ಬೆನ್ನು ನೆಟ್ಟಗೆ ಮಾಡಿ, ಮುಖದಲ್ಲಿ ಏನೂ ತೋರಿಸದೆ ನಾನು ಮೊದಲನೇ ಮೆಟ್ಟಿಲ ಮೇಲೆ ಕೂತೆ. ಅಲ್ಲಿಂದ ಏಳುವುದು ಹೇಗೆಂದು ಯೋಚಿಸುತ್ತ, ಉಸಿರು ಬಿಟ್ಟೆ.