ದೊರೆತ ಸ್ಥಳ

ಈ ಜನ್ಮದಲ್ಲಿ ಒಂದು ಕಲ್ಲಿಗಾದರೂ ನನ್ನ ಹೆಸರು ಅಂಟಿಸಿಯೇ ಸಾಯುವುದು ಎಂದು ಶಪಥ ಮಾಡಿದ್ದೆ. ಸಮಾಧಿಯ ಕಲ್ಲು ಲೆಕ್ಕಕ್ಕಿಲ್ಲ!

ಖನಿಜಗಳ ಮ್ಯೂಸಿಯಮ್ಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ಚೀಟಿ ಬರೆಯುವವನು ನಾನು. ಪ್ರತಿ ಕಲ್ಲಿನ ಕೆಳಗೂ ಎರಡು ಸಾಲು: ಹೆಸರು, ದೊರೆತ ಸ್ಥಳ. ಕೆಲವಕ್ಕೆ ಬಣ್ಣದಿಂದ ಬಂದ ಹೆಸರು, ಕೆಲವಕ್ಕೆ ಊರಿನಿಂದ, ಇನ್ನು ಕೆಲವಕ್ಕೆ ಯಾರೋ ಪುಣ್ಯಾತ್ಮರಿಂದ. ಆ ಪುಣ್ಯಾತ್ಮರನ್ನೆಲ್ಲ ದುಂಡಗೆ ಬರೆದೂ ಬರೆದೂ ನನಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತ್ತು.

ಒಂದು ಭಾನುವಾರ ಸಕ್ಕರೆ ಹುಡುಕುತ್ತಾ ಅಡುಗೆಮನೆಯ ಗೂಡಿಗೆ ಕೈ ಹಾಕಿದೆ. ಡಬ್ಬಿಗಳ ಹಿಂದೆ ಒಂದು ಪುಟ್ಟ ಸೀಸೆ. ಒಳಗೆ ಕಂದು ಬಣ್ಣದ, ಮೈತುಂಬ ಮುಳ್ಳಿರುವ ಕಲ್ಲು. ನಮ್ಮ ಯಾವ ಗಾಜಿನ ಪೆಟ್ಟಿಗೆಯಲ್ಲೂ ಇಂಥದ್ದಿಲ್ಲ. ನನ್ನ ಮಾವ ಮೂವತ್ತು ವರ್ಷ ಗಣಿಯಲ್ಲಿ ದುಡಿದವರು, ಅವರೇ ಮಗಳಿಗೆ ಕೊಟ್ಟಿರಬೇಕು. ಕೇಳಿದರೆ ಹೆಂಡತಿ "ನಮ್ಮಪ್ಪನ ಹೆಸರೇ ಇಡಿ" ಅಂತ ಹಟ ಹಿಡಿದಾಳು. ಸೀಸೆ ಸದ್ದಿಲ್ಲದೆ ನನ್ನ ಜೇಬು ಸೇರಿತು.

ಮರುದಿನ ಅದನ್ನು ಲ್ಯಾಬಿನ ಮೇಡಂ ಕೈಗೆ ಕೊಟ್ಟೆ. "ಹೊಸ ಖನಿಜ ಮೇಡಂ. ಕಂಡುಹಿಡಿದವನು ತನ್ನ ಹೆಸರು ತಾನೇ ಇಟ್ಕೊಂಡ್ರೆ ಚೆನ್ನಾಗಿರಲ್ಲ. ನೀವೇ ಕಂಡುಹಿಡಿದಿದ್ದು ಅಂತ ಹೇಳಿ ನನ್ನ ಹೆಸರು ಇಟ್ಟುಬಿಡಿ."

"ಮೊದಲು ಪರೀಕ್ಷೆ ಆಗಲಿ, ಇರಿ."

ನಾನೆಲ್ಲಿ ಇರಲಿ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ವಂಶ ನಮ್ಮದು. ಒಂದು ಗಾಜಿನ ಪೆಟ್ಟಿಗೆ ಖಾಲಿ ಮಾಡಿಸಿದೆ. ಆಫೀಸಿಗೆಲ್ಲ ಸಿಹಿ ಹಂಚಿದೆ. ಫಲಿತಾಂಶದ ದಿನ "ಒಂದು ವಿಶೇಷ ಇದೆ, ಬಾ" ಎಂದು ಹೆಂಡತಿಯನ್ನೂ ಕರೆಸಿದೆ. ನಾನು ಎಂದಿನಂತೆ ಮನೆಯಲ್ಲೇ ಬಿಟ್ಟುಬಂದ ನೀರಿನ ಬಾಟಲಿ ಹಿಡಿದು ಬಂದಳು.

ಮೇಡಂ ವರದಿ ಓದಿದರು. "ಇದು ಹೊಸದಲ್ಲ. ಕಲ್ಲಿದ್ದಲಿನ ಪದರದಲ್ಲೂ ಸಿಗುತ್ತೆ, ಒಬ್ಬ ವಿದ್ವಾಂಸರ ಹೆಸರು ಆಗಲೇ ಇಟ್ಟಾಗಿದೆ. ಆದರೆ ಈ ಆಕಾರ ಗಣಿಯದಲ್ಲ. ನಿಮಗೆಲ್ಲಿ ಸಿಕ್ತು?"

"ಅದೂ... ಮಾವನವರ ಕಡೆಯಿಂದ..."

ಹೆಂಡತಿ ಸೀಸೆಯ ಕಡೆ ನೋಡಿದಳು. "ಇದನ್ನ ಮನೆಯೆಲ್ಲ ಹುಡುಕಿದೆನಲ್ರೀ! ಹೋದ ವರ್ಷ ನಿಮ್ಮ ಕಿಡ್ನಿಯಿಂದ ತೆಗೆದ ಕಲ್ಲು. ಆಪರೇಷನ್ ಆಗಿ ನಿಮಗೆ ಎಚ್ಚರ ಆಗೋ ಮೊದಲೇ ಡಾಕ್ಟ್ರು ನನ್ನ ಕೈಗೆ ಕೊಟ್ಟಿದ್ರು. ಇನ್ನೊಂದು ಸಲ ನೀರು ಕುಡಿಯಲ್ಲ ಅಂದ್ರೆ ತೋರಿಸೋಣ ಅಂತ ಎತ್ತಿಟ್ಟಿದ್ದೆ."

ನನ್ನ ಸಿಹಿ ತಿಂದ ಬಾಯಿಗಳೆಲ್ಲ ಒಟ್ಟಿಗೆ ನಕ್ಕವು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಮೇಡಂ ಮಾತ್ರ ನಗಲಿಲ್ಲ. "ಇಂಥ ಮಾದರಿ ನಮ್ಮಲ್ಲಿಲ್ಲ. ಪೆಟ್ಟಿಗೆ ಹೇಗೂ ಖಾಲಿ ಇದೆ, ಇಡೋಣ. ಚೀಟಿ ಬರೀರಿ."

ಬರೆದೆ. 'ಹೆಸರು' ಎಂಬಲ್ಲಿ ಆ ವಿದ್ವಾಂಸರದು. 'ದೊರೆತ ಸ್ಥಳ' ಎಂಬಲ್ಲಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ನನ್ನ ಹೆಸರು, ಇನಿಷಿಯಲ್ ಸಮೇತ. ಸುಳ್ಳೇಕೆ ಹೇಳಲಿ, ನಾಚಿಕೆಯ ನಡುವೆಯೂ ಖುಷಿಯಾಯಿತು.

ಹೆಂಡತಿ ಬಗ್ಗಿ ಓದಿ, ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗಿಟ್ಟಳು.

"ಎಡಗಡೆ ಅಂತಾನೂ ಸೇರಿಸಿ. ಬಲಗಡೆ ಇನ್ನೂ ಅಗೆದಿಲ್ಲ."