ಬಾಳೆದಿಂಡಿಗೆ ಹನ್ನೊಂದು ಸಾಕ್ಷಿ

ಹೆದರಿದ ಮನುಷ್ಯ ಎಷ್ಟು ಶ್ರದ್ಧೆಯಿಂದ ಸಂಶೋಧನೆ ಮಾಡುತ್ತಾನೆ ಎಂಬುದು ನನಗೆ ಗೊತ್ತಾದದ್ದು ಮೂತ್ರಪಿಂಡದಲ್ಲಿ ಕಲ್ಲಾದ ಮೇಲೆ. ಮಂಡ್ಯದ ಡಾಕ್ಟರೊಬ್ಬರು ಎಕ್ಸರೇ ಹಾಳೆಯನ್ನು ಬೆಳಕಿಗೆ ಹಿಡಿದು, ಹುಣಸೆಬೀಜದಷ್ಟಿದೆ, ಕುಯ್ದೇ ತೆಗೆಯಬೇಕು ಎಂದರು. ನಾನು ಧೈರ್ಯವಂತನೆಂದು ಇದುವರೆಗೆ ಯಾರೂ ತಪ್ಪು ತಿಳಿದಿಲ್ಲ. ಆದ್ದರಿಂದ ಮುಚ್ಚುಮರೆ ಬೇಡ. ಕ್ಷೌರದಂಗಡಿಯಲ್ಲಿ ಕತ್ತಿ ಕಿವಿಯ ಹತ್ತಿರ ಬಂದರೇ ಕಣ್ಣು ಮುಚ್ಚಿಕೊಳ್ಳುವವನು ನಾನು. "ಯೋಚನೆ ಮಾಡಿ ಬರುತ್ತೇನೆ" ಎಂದು ಹೇಳಿ ಮಳವಳ್ಳಿ ಬಸ್ಸು ಹತ್ತಿದೆ.

ನಾನು ಮಳವಳ್ಳಿಯ ಒಂದು ಆರೋಗ್ಯ ಕಚೇರಿಯಲ್ಲಿ ಟೈಪಿಸ್ಟು. ಇಪ್ಪತ್ತೆಂಟನೇ ವಯಸ್ಸಿನವರೆಗೆ ಗದ್ದೆ ಉತ್ತು, ಆಮೇಲೆ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಮೂವತ್ತು ದಾಟಿದ ಮೇಲೆ ಟೈಪು ಕಲಿತವನು. ಎರಡೇ ಬೆರಳು. ಬೇರೆಯವರು ಹೊಡೆದದ್ದು ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ನಾನು ಹೊಡೆದದ್ದು, ಒಂದೊಂದೇ ಅಕ್ಷರ ಹುಡುಕುವಷ್ಟರಲ್ಲಿ, ತಲೆಯೊಳಗೂ ಕೂತುಬಿಡುತ್ತದೆ. ಆ ವಾರವೇ ನಮ್ಮ ಕಚೇರಿಯ ಡಾಕ್ಟರು ಆರೋಗ್ಯ ಸಹಾಯಕರ ತರಬೇತಿಗೆಂದು ಒಂದು ಟಿಪ್ಪಣಿ ಹೇಳಿ ಬರೆಸಿದ್ದರು. ಯಾವುದೋ ಔಷಧದ ಮೇಲೆ ಅಲ್ಲಲ್ಲಿ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ, ಇದು ಗುಣ ಮಾಡುತ್ತದೆ ಎಂದು ಯಾರಾದರೂ ಸಮೀಕ್ಷೆ ಬರೆದರೆ, ನಂಬುವ ಮುಂಚೆ ಏನೇನು ಕೇಳಬೇಕು ಎಂಬುದು ಅದರ ವಿಷಯ. ಗುಣವಾಗದವರನ್ನೂ ಹುಡುಕಿದ್ದಾರೆಯೇ? ಒಬ್ಬನೇ ರೋಗಿ ಎರಡು ಕಡೆ ಸೇರಿಕೊಂಡಿದ್ದಾನೆಯೇ? ಜೊತೆಗೆ ಬೇರೆ ಚಿಕಿತ್ಸೆಯೂ ನಡೆದಿತ್ತೇ? "ಹತ್ತು ವರದಿ ಸೇರಿಸಿದ ತಕ್ಷಣ ಸತ್ಯ ಹತ್ತರಷ್ಟು ಆಗೋದಿಲ್ಲಪ್ಪ" ಎಂದರು. ಅದನ್ನೂ ಟೈಪು ಮಾಡಿದೆ. ಅದು ನನಗೆ ಹೇಳಿದ ಮಾತಂತೆ, ಹೊಡೆದುಹಾಕಿಸಿದರು.

ಇಷ್ಟು ವಿದ್ಯೆ ಬಂದ ಮೇಲೆ ನಾನೇ ಒಂದು ಸಮೀಕ್ಷೆ ಯಾಕೆ ಬರೆಯಬಾರದು ಎನ್ನಿಸಿತು. ಬಾಳೆದಿಂಡಿನ ರಸ ಕಲ್ಲು ಕರಗಿಸುತ್ತದೆ ಎಂಬುದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು. ದಿನಾ ಬೆಳಿಗ್ಗೆ ಒಂದು ಲೋಟ ಕುಡಿಯುತ್ತಾ, ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ, ಮದ್ದೂರಿನ ಹೋಟೆಲಿನಲ್ಲಿ, ಮಂಡ್ಯದ ಮಾರ್ಕೆಟ್ಟಿನಲ್ಲಿ ಸಿಕ್ಕಸಿಕ್ಕವರನ್ನು ವಿಚಾರಿಸಿದೆ. ಹೋದಲ್ಲೆಲ್ಲ ಗುಣವಾದ ಒಬ್ಬನ ಸುದ್ದಿ ಸಿಕ್ಕಿತು. ದುದ್ದದ ಪುಟ್ಟಸ್ವಾಮಿಗೆ ವಾಸಿಯಾಗಿತ್ತು. ಹನಕೆರೆಯ ಒಂದು ಮನೆಯ ಅಳಿಯನಿಗೆ ವಾಸಿಯಾಗಿತ್ತು. ಯಾವನೋ ಆಲೆಮನೆಯವನಿಗೂ ವಾಸಿಯಾಗಿತ್ತು. ತಿಂಗಳೊಳಗೆ ಹನ್ನೊಂದು ಸಾಕ್ಷಿ. ಮೂರು ಹಾಳೆ ಟೈಪು ಮಾಡಿ, ಕೊನೆಯ ಸಾಲಿಗೆ ಅಡಿಗೆರೆ ಎಳೆದೆ: 'ಆದ್ದರಿಂದ ಶಸ್ತ್ರಚಿಕಿತ್ಸೆ ಅನಗತ್ಯ.' ಆ ಸಾಲನ್ನು ಎಲ್ಲಕ್ಕಿಂತ ಮೊದಲೇ ಹೊಡೆದಿಟ್ಟುಕೊಂಡಿದ್ದೆ ಎಂಬುದು ನಮ್ಮೊಳಗೇ ಇರಲಿ.

ನನ್ನ ಹೆಂಡತಿ ಜಯಮ್ಮ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ದಿಂಡು ಹೆಚ್ಚುತ್ತಾ, ನಾರನ್ನು ಬೆರಳಿಗೆ ಸುತ್ತಿ ತೆಗೆಯುತ್ತಾ, ನಾನು ಗಟ್ಟಿಯಾಗಿ ಓದಿದ್ದನ್ನೆಲ್ಲ ಕೇಳಿಸಿಕೊಂಡಳು.

"ಇವ್ರನ್ನೆಲ್ಲ ನೀವು ಕಣ್ಣಾರೆ ನೋಡುದ್ರಾ?"

"ನೋಡ್ದೋರನ್ನ ನೋಡ್ದೆ."

"ವಾಸಿಯಾಗ್ದೋರು?"

"ಅಂಥೋರು ಒಬ್ರೂ ಸಿಗ್ಲಿಲ್ಲ."

"ಅವ್ರು ಯಾಕ್ರೀ ಬಸ್‌ಸ್ಟ್ಯಾಂಡಿಗೆ ಬತ್ತಾರೆ? ಸ್ವಂಟ ಹಿಡ್ಕಂಡು ಮನೇಲಿ ಬಿದ್ದಿರ್ತಾರೆ." ಅವಳು ಇನ್ನೊಂದು ಬಿಲ್ಲೆ ಕೊಯ್ದಳು. "ಅದಿರ್ಲಿ, ದುದ್ದದೋನು ಎಡಗೈಲಿ ಬೀಡಿ ಸೇದ್ತಾನೆ ಅಂತ ಬರ್ದಿದ್ದೀರಿ. ಅನಕೆರೆ ಅಳಿಯನೂ ಎಡಚ. ಆಲೆಮನೆಯೋನೂ ಎಡಚ. ಕಲ್ಲು ಎಡಚರಿಗೇ ಕರಗೋದಾ?"

ವಿವರ ಬಿಡಬಾರದೆಂದು ಸಿಕ್ಕಿದ್ದನ್ನೆಲ್ಲ ಟೈಪು ಮಾಡಿದ್ದು ನನ್ನ ತಪ್ಪು. ಏನಾದರೂ ಉತ್ತರ ಕೊಡುತ್ತಿದ್ದೆ. ಅಷ್ಟರಲ್ಲಿ ಕಲ್ಲು ಒಳಗೆ ಒಂದು ಸಲ ಮಗ್ಗುಲು ಬದಲಾಯಿಸಿತು. ನಾನು ನೆಲದ ಮೇಲೆ ಉರುಳಾಡುವುದನ್ನು ನೋಡಿ ಜಯಮ್ಮ ದಿಂಡನ್ನು ಪಕ್ಕಕ್ಕಿಟ್ಟಳು. "ಭಾನ್ವಾರ ದುದ್ದಕ್ಕೋಗಿ ಅವ್ನ ಬಾಯಿಂದ್ಲೇ ಕೇಳ್ಕಂಬನ್ನಿ. ಇಲ್ದಿದ್ರೆ ಸ್ವಾಮಾರ ನಾನೇ ನಿಮ್ಮನ್ನ ಮಂಡ್ಯಕ್ಕೆ ಎಳ್ಕಂಡೋಯ್ತೀನಿ."

ಪುಟ್ಟಸ್ವಾಮಿ ಜಗಲಿಯ ಮೇಲೆ ಕೂತು, ಎಡಗೈಯಲ್ಲಿ, ಬೀಡಿ ಸೇದುತ್ತಿದ್ದ. ನನ್ನ ಪಟ್ಟಿ ಓದಿಸಿಕೊಂಡು ಬಹಳ ಖುಷಿಪಟ್ಟ. "ದುದ್ದದೋನು ನಾನೇ. ಅನಕೆರೆ ನನ್ನೆಂಡ್ರೂರು, ಅಲ್ಲಿ ಅಳಿಯ ಅಂತಾರೆ. ಬೆಲ್ಲ ತಕ್ಕಂಡು ಮಂಡ್ಯಕ್ಕೋದ್ರೆ ಆಲೆಮನೆಯೋನು ಅಂತಾರೆ. ಓದು, ಮುಂದುಕ್ಕೋದು." ಹನ್ನೊಂದರಲ್ಲಿ ಏಳು ಮಂದಿ ಅವನೊಬ್ಬನೇ. ಮೂವರು ಅವನ ಮಾತು ಕೇಳಿ ಹೋದ ವಾರವಷ್ಟೇ ಕುಡಿಯಲು ಶುರುಮಾಡಿದವರು. ಹನ್ನೊಂದನೆಯವನು ಅವನ ತಮ್ಮ. "ಅವುನ್ಗೆ ಕಲ್ಲೇ ಇರ್ನಿಲ್ಲ ಕಣಪ್ಪ. ನಾನು ಕುಡ್ಯದ ನೋಡಿ ಜತೇಲಿ ಕುಡೀತಿದ್ದ."

ಆದರೂ ಒಬ್ಬನಾದರೂ ಉಳಿದನಲ್ಲ ಎಂದು, "ನಿಮ್ಮ ಕಲ್ಲಂತೂ ಕರಗ್ತಲ್ಲ?" ಎಂದೆ. ಅವನು ಅಂಗಿ ಎತ್ತಿ ತಿರುಗಿ ಕೂತ. ಬೆನ್ನಿಂದ ಪಕ್ಕೆಯವರೆಗೆ ನೇಗಿಲ ಸಾಲಿನಂಥ ಗಾಯದ ಗುರುತು. "ಮೈಸೂರ್ನಲ್ಲಿ ಕುಯ್ದು ತಗುದ್ರು."

"ಇದನ್ಯಾಕೆ ಯಾರಿಗೂ ಹೇಳಲಿಲ್ಲ?"

"ರಸ ಕುಡುದ್ಯಾ ಅಂದ್ರು, ಊಂ ಅಂದೆ. ವಾಸಿಯಾಯ್ತಾ ಅಂದ್ರು, ಊಂ ಅಂದೆ. ಕುಯ್ಸುದ್ಯಾ ಅಂತ ಒಬ್ಬ ಬಡ್ಡೀಮಗನೂ ಕೇಳ್ನಿಲ್ಲ."

ಸೋಮವಾರ ಜಯಮ್ಮ ಹೇಳಿದಂತೆಯೇ ಮಾಡಿದಳು. ಮಂಡ್ಯದಲ್ಲಿ ಕುಯ್ದರು; ನಾನು ಸಾಯಲಿಲ್ಲ. ಸೀಸೆಯಲ್ಲಿ ಹಾಕಿಕೊಟ್ಟ ಕಲ್ಲನ್ನು ಅಲ್ಲಾಡಿಸಿ ನೋಡಿ, "ಇದ್ಕೆ ಮೂರಾಳೆ ಬರುದ್ರಾ?" ಎಂದಳು.

ಎರಡು ತಿಂಗಳ ಮೇಲೆ ಮದ್ದೂರಿನ ಮೇಷ್ಟರೊಬ್ಬರು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಬಾಳೆದಿಂಡಿನ ವಿಷಯ ವಿಚಾರಿಸಲು ನಮ್ಮ ಕಚೇರಿ ಹುಡುಕಿಕೊಂಡು ಬಂದರು. ನಾನು ಏನನ್ನೂ ಬಚ್ಚಿಡಲಿಲ್ಲ. ನಮ್ಮ ಡಾಕ್ಟರ ಟಿಪ್ಪಣಿಯ ಪ್ರಶ್ನೆಗಳನ್ನೆಲ್ಲ ಒಪ್ಪಿಸಿ, ಏಳು ಜನ ಒಬ್ಬನಾದ ಕಥೆ ಹೇಳಿ, ಅಂಗಿ ಎತ್ತಿ ಗಾಯವನ್ನೂ ತೋರಿಸಿದೆ. ಬಸ್ಸಿನವರೆಗೆ ಜೊತೆಗೇ ನಡೆದೆ. ಮೇಷ್ಟರು ಯೋಚಿಸಿ, "ಅಂದ್ರೆ ರಸ ಮೊದಲು ಸಡಿಲ ಮಾಡ್ತು, ಡಾಕ್ಟರು ಆಮೇಲೆ ಎತ್ಕೊಂಡ್ರು, ಅಲ್ವಾ ಸಾರ್?" ಎಂದರು. ಅಲ್ಲ ಎನ್ನಬೇಕಿತ್ತು. ಆದರೆ ನನ್ನನ್ನು 'ಸಾರ್' ಎಂದು ಕರೆದು ಹೀಗೆ ಸಲಹೆ ಕೇಳಿದವರು ಅವರೇ ಮೊದಲು. "ದಿಂಡು ಎಳೇದಿರಲಿ, ಬರೀ ಹೊಟ್ಟೇಲಿ ಕುಡೀರಿ" ಎಂದು ಬಾಯಿಂದ ಬಂದುಬಿಟ್ಟಿತು. ಅವರ ಮುಖ ಅರಳಿತು, ಬಸ್ಸು ಹತ್ತಿದರು. "ಮೊದಲು ಮಂಡ್ಯದಲ್ಲಿ ತೋರಿಸಿ" ಎಂದು ನಾನು ಕೂಗುವಷ್ಟರಲ್ಲಿ ಬಸ್ಸು ಹೊರಟಿತ್ತು. ಹೊರಟಿರಲಿಲ್ಲ. ನಾನೇ ಸ್ವಲ್ಪ ಮೆಲ್ಲಗೆ ಕೂಗಿದೆ.